ಮೂರನೆಯದು ಅಡ್ಡ ಮಲಗಿದೆ

ಮಹಾಲಕ್ಷ್ಮಿಯ ಅಪ್ಪನಿಗೆ,

ನಾನು ಪಕ್ಕದ ಮನೆಯ ಮರೆಮ್ಮನ ಜೊತೆ ಮಣಿಪಾಲದ ಬಸ್ಸಿಗೆ ಹೊರಟಿದ್ದೇನೆ. ಹೊಟ್ಟೆಯಲ್ಲಿ ಮಗು ಇನ್ನೂ ಅಡ್ಡವೇ ಮಲಗಿದೆ. ನೋವು ಬರುವವರೆಗೆ ಕಾಯುವುದು ಬೇಡ, ನಾಳೆಯೇ ಆಪರೇಷನ್ ಮಾಡೋಣ ಎಂದು ಡಾಕ್ಟರಮ್ಮ ಹೇಳಿದ್ದಾರೆ.

“ಎರಡು ತಾವಾಗಿಯೇ ಹುಟ್ಟಿದವು, ಇದಕ್ಕೆ ಯಾಕೆ ಕೊಯ್ಯಬೇಕು?” ಎಂದು ನಿನ್ನೆ ಊಟ ಬಿಟ್ಟು ಎದ್ದಿರಿ. ಆ ಎರಡನ್ನು ಹೆತ್ತವಳು ನಾನು. ಇದು ಹಾಗೆ ಬರುವುದಿಲ್ಲ ಎಂದು ನನಗೆ ಗೊತ್ತುಂಟು. ನಿಮಗೆ ಹೆದರಿಕೆ ಎಂದೂ ಗೊತ್ತುಂಟು. ನನಗೂ ಸ್ವಲ್ಪ ಉಂಟು, ಆದರೂ ಹೋಗುತ್ತೇನೆ.

ಅನ್ನ, ಸಾರು ಮುಚ್ಚಿಟ್ಟಿದ್ದೇನೆ, ಪೂರ್ತಿ ಉಣ್ಣಿ. ಮಕ್ಕಳಿಬ್ಬರೂ ಎದುರುಮನೆಯ ಇಮೆಲ್ಡಾಬಾಯಿಯ ಹತ್ತಿರ ಇದ್ದಾರೆ.

ನಾಳೆ ನಿಟ್ಟೆಯ ಕೆಲಸಕ್ಕೆ ರಜೆ ಹೇಳಿ, ಕೈಯ ಸಿಮೆಂಟು ಚೆನ್ನಾಗಿ ತೊಳೆದುಕೊಂಡು ಬನ್ನಿ. ಆಸ್ಪತ್ರೆಯ ಕಾಗದಕ್ಕೆ ಸಹಿ ನಾನೇ ಹಾಕುತ್ತೇನೆ. ಹೊಲಿಗೆ ಹಾಕಿದ ಮೇಲೆ ನನಗೆ ಕೂಡಲೇ ಏಳಲು ಆಗುವುದಿಲ್ಲವಂತೆ. ಈ ಮಗುವನ್ನು ಮೊದಲು ಎತ್ತಿಕೊಳ್ಳುವವರು ನೀವು.

ಅನ್ನಪೂರ್ಣ