ಮಟಮಟ ಮಧ್ಯಾಹ್ನದ ದನಿ

ನನ್ನ ರುಕ್ಕತ್ತೆಗೆ,

ಹೇಗಿದ್ದೀಯ ಅಂತ ನಿನ್ನನ್ನು ಕೇಳುವುದು ಸರಿಯೋ ತಪ್ಪೋ ಗೊತ್ತಿಲ್ಲ. ನಾನು, ನಿನ್ನ ಅಣ್ಣನ ಮಗಳು ಭಾಗ್ಯ.

ಕುಣಿಗಲ್ಲಿನಲ್ಲಿ ಆ ವರ್ಷ ಎಲ್ಲರ ಬಾಗಿಲ ಮೇಲೂ 'ನಾಳೆ ಬಾ' ಎಂದು ಬರೆದಿದ್ದರು, ನೆನಪಿದೆಯಾ? ದೆವ್ವ ಮನೆಯವರ ದನಿಯಲ್ಲೇ ಕರೆಯುತ್ತದೆ, ಬರೆದದ್ದನ್ನು ಓದಿಕೊಂಡು ವಾಪಸ್ ಹೋಗುತ್ತದೆ ಎಂದು ಊರೆಲ್ಲ ಗುಲ್ಲು. ನಾನು ಸೀಮೆಸುಣ್ಣದಲ್ಲಿ ಬರೆದದ್ದನ್ನು ನೀನು ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟೆ. "ನಿಮ್ಮಾವ ಬಂದ್ರೆ ನಾಳೆ ಬಾ ಅಂತ ಕಳಿಸ್ಲೇನೇ? ಹೋಗೇ, ಮುಂಡೇದೇ!" ಮಾವ ಲಾರಿ ಅಪಘಾತದಲ್ಲಿ ತೀರಿಕೊಂಡು, ನೀನು ನಮ್ಮ ಮನೆ ಸೇರಿ ಆಗಲೇ ವರ್ಷ ಕಳೆದಿತ್ತು.

ಮಟಮಟ ಮಧ್ಯಾಹ್ನ ನೀನು ಮುದ್ದೆ ಮುರಿಯುತ್ತಾ ಥಟ್ಟನೆ ತಲೆಯೆತ್ತಿ "ಬಂದೆ, ಇರಿ" ಅನ್ನುತ್ತಿದ್ದೆ. ಒಂದು ದಿನ "ನಿಮ್ಮಪ್ಪ ಬಿದ್ದವ್ನಂತೆ, ನಿಮ್ಮಾವ ಹೇಳ್ತಾವ್ರೆ" ಎಂದೆ. ಸಂಜೆ ಅಪ್ಪ ಮೊಣಕಾಲು ತರಚಿಕೊಂಡು ಕುಂಟುತ್ತಾ ಬಂದ. ಬಸ್ಸಿನಿಂದ ಇಳಿಯುವಾಗ ಜಾರಿದ್ದನಂತೆ. ಅವತ್ತಿನಿಂದ ನಿನ್ನ ಪಕ್ಕ ಕೂತು ಉಣ್ಣಲು ನನಗೆ ಭಯ. ಮಂತ್ರ ಹಾಕುವವರ ಹತ್ತಿರವೆಲ್ಲ ನಿನ್ನನ್ನು ಕರೆದುಕೊಂಡು ಹೋದರು, ತಾಯತ ಕಟ್ಟಿಸಿದರು. ಡಾಕ್ಟರ ಹತ್ತಿರ ಮಾತ್ರ... ಆಮೇಲೊಂದು ಮಧ್ಯಾಹ್ನ "ಬಂದೆ" ಎಂದು ಎದ್ದುಹೋದವಳು ಕೆರೆಯಲ್ಲಿ ಹೆಣವಾಗಿ ಸಿಕ್ಕೆ.

ಬಿ.ಕಾಂ. ಮುಗಿಸಿ ತುಮಕೂರಿನ ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಾನು ಸೈಕಾಲಜಿಸ್ಟ್ ಆಗ್ತೀನಿ ಎಂದ ದಿನ ಅಪ್ಪ ಕೂಗಾಡಿದ. "ಹುಚ್ಚರ ಸಾವಾಸ ಬೇಕಾ ನಿಂಗೆ? ಓದ್ಲೇಬೇಕಂದ್ರೆ ಕರೆಸ್ಪಾಂಡೆನ್ಸ್ ಕಟ್ಟು, ಮನೇಲೇ ಕೂತು ಓದು!" ನಾನು ಮಾತ್ರ, ಬೇರೆ ಡಿಗ್ರಿ ಮಾಡಿದವರಿಗೆ ಮೊದಲ ವರ್ಷ ಬುಡದಿಂದ ಕಲಿಸಿ, ಆಮೇಲೆ ಎಂ.ಎಸ್ಸಿ.ಗೆ ಸೇರಿಸಿಕೊಳ್ಳುವ ಕೋರ್ಸಿಗೇ ಅರ್ಜಿ ಹಾಕಿದೆ. ಅಲ್ಲಿ ದಿನಾ ಕ್ಲಾಸಿಗೆ ಹೋಗಬೇಕು, ಆಸ್ಪತ್ರೆಯಲ್ಲಿ ರೋಗಿಗಳ ಎದುರು ಕೂರಬೇಕು. ಮನೆಯಲ್ಲಿ ಒಬ್ಬಳೇ ಕೂತು ಓದುವುದು ನನ್ನ ಕೈಲಾಗದು ಅತ್ತೆ. ಯಾಕೆ ಗೊತ್ತಾ? ಮಧ್ಯಾಹ್ನ ಮನೆ ಖಾಲಿಯಾದರೆ ನೀನು "ಭಾಗೀ" ಎಂದು ಕರೆಯುತ್ತೀಯ. "ಬಂದೆ" ಎನ್ನುವುದು ನಾಲಿಗೆಯ ತುದಿಗೇ ಬಂದಿರುತ್ತದೆ. ಹಾಗೆಂದು ಎದ್ದುಹೋದರೆ ನಾನು ಎಲ್ಲಿಗೆ ಹೋಗುತ್ತೇನೆ, ಹೇಳು?

ಸಂದರ್ಶನದಲ್ಲಿ ಮೇಡಂ, "ಯಾಕಮ್ಮ ಈ ಕೋರ್ಸು?" ಎಂದು ಕೇಳಿದರು. ಸಮಾಜಸೇವೆ, ಅದೂ ಇದೂ ಎಂದು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಬಾಯಿ ತೆರೆದೆ. ಕಿವಿಯ ಹಿಂದೆಯೇ ನಿನ್ನ ದನಿ: "ನಿಜ ಹೇಳೇ." ಎಲ್ಲ ಹೇಳಿಬಿಟ್ಟೆ, ನಿನ್ನದೂ ನನ್ನದೂ. ಸೀಟು ಹೋಯಿತು ಅಂದುಕೊಂಡೆ. ಮೇಡಂ ಪೆನ್ನು ಕೆಳಗಿಟ್ಟರು. "ಸೀಟು ಕೊಡ್ತೀನಿ. ಆದ್ರೆ ಕ್ಲಾಸಿಗೆ ಬರೋಕ್ಮುಂಚೆ ನೀನೇ ಒಬ್ರು ಡಾಕ್ಟ್ರನ್ನ ನೋಡ್ಬೇಕು ಕಣಮ್ಮ."

ಮನೆಗೆ ಬಂದು ಅಪ್ಪನಿಗೂ ಎಲ್ಲ ಹೇಳಿದೆ. ಇವತ್ತು ತುಮಕೂರಿನ ಆಸ್ಪತ್ರೆಗೆ ಅವನೂ ಬೈದುಕೊಂಡೇ ಜೊತೆಗೆ ಹೊರಟ. ಬಸ್ಸು ಹೆಬ್ಬೂರು ದಾಟಿತು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ:

"ನಿನ್ನ ಏನಂತ ಕರೀತಾಳೆ?"

"ಭಾಗೀ ಅಂತ."

ಅವನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡ. "ನನ್ನ ಅಣ್ಣಯ್ಯ ಅಂತಾಳೆ ಕಣವ್ವ. ಅವ್ಳು ಹೋದಾಗ್ಲಿಂದಾನೂ."

ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ... ಎಂಥ ಜನ ನಾವು ಅತ್ತೆ!

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಅಪ್ಪ. ಕೌಂಟರಿನಲ್ಲಿ ಇಬ್ಬರ ಹೆಸರಿಗೂ ಚೀಟಿ ಮಾಡಿಸಿದೆ, ಅವನು ಬೇಡ ಎನ್ನಲಿಲ್ಲ. ನೀನೆಂದರೆ ನಮ್ಮಿಬ್ಬರಿಗೂ ಈಗಲೂ ಪ್ರಾಣ. ಆದರೆ ಎಷ್ಟೇ ಕರೆದರೂ ನಾವು ಬರುವುದಿಲ್ಲ.

ನಿನ್ನ,
ಭಾಗಿ