ಕಾಲಿನ ಸುದ್ದಿ

ಹೆಂಗಸರ ವಾರ್ಡು, ಕಿಟಕಿ ಪಕ್ಕದ ಮಂಚ
ಮಂಗಳವಾರ ಮಧ್ಯಾಹ್ನ

ನನ್ನ ಮುದ್ದು ಮೊಂಡಿಗೆ ಅಮ್ಮನ ಪ್ರೀತಿ, ಅದರ ಹಿಂದೆಯೇ ಒಂದಿಷ್ಟು ಬೈಗುಳ.

ಫೋನು ಎತ್ತುವುದಿಲ್ಲ. ನನ್ನನ್ನು ಇಲ್ಲಿ ಸೇರಿಸಿ ಹೋದವಳು ಮತ್ತೆ ಈ ಕಡೆ ತಲೆ ಹಾಕಿಲ್ಲ. ಗೆಳತಿಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೀಯಂತೆ, ಊಟ ಸರಿಯಾಗಿ ಮಾಡುತ್ತಿಲ್ಲವಂತೆ, ಇನ್ನು ಅಂಗಡಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದೀಯಂತೆ. ಸುಟ್ಟಿದ್ದು ನನ್ನ ಕಾಲು ಕಣೇ, ಹಾಸಿಗೆ ಹಿಡಿದವಳು ನೀನು. ಅದಕ್ಕೇ ಪಕ್ಕದ ಮನೆಯಾಕೆಯ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಆಮೇಲೆ ಹರಿ.

ನಿನ್ನೆ ನಿಮ್ಮ ಅಂಗಡಿ ಯಜಮಾನರು ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ಅಮ್ಮಾ, ಆ ಬಿಸಿ ಚೀಲ ಬಳಸೋದು ಹೇಗೆ ಅನ್ನೋ ಚೀಟಿ ಬರೆದಿದ್ದು ನಿಮ್ಮ ಮಗಳೇ, ನಾನದನ್ನ ಓದೂ ಇಲ್ಲ ಎಂದರು. ಈಗ ಪೆಟ್ಟಿಗೆಯೊಳಗೆ ಯಾವ ಚೀಟಿ ಹೋಗುತ್ತಿದೆ ಎಂದು ಕೇಳಿದೆ. ಅದೇ ಹೋಗ್ತಿದೆ, ಬೇರೆ ಬರೆಯೋರು ಯಾರಿದ್ದಾರೆ, ಚಳಿ ಮುಗಿಯೋದ್ರೊಳಗೆ ಸರಕು ಖಾಲಿ ಆಗ್ಬೇಕಲ್ಲ ಎಂದರು. ಅವರು ತಂದ ಹಣ್ಣನ್ನು ನಾನು ಮುಟ್ಟಲಿಲ್ಲ, ಎದುರು ಮಂಚದವಳಿಗೆ ಕೊಟ್ಟುಬಿಟ್ಟೆ.

ನೀನು ಕೆಲಸ ಮಾಡುವ ರೀತಿ ನನಗೆ ಗೊತ್ತು. ಹೊರದೇಶದ ಸಾಮಾನಿನ ಜೊತೆ ಬರುವ ಆ ಅಡ್ಡಾದಿಡ್ಡಿ ಕನ್ನಡದ ಹಾಳೆಯನ್ನು ನೀನು ನನ್ನ ಹೊಲಿಗೆ ಮೇಜಿನ ಇನ್ನೊಂದು ತುದಿಯಲ್ಲಿ ಹರಡುತ್ತಿದ್ದೆ. ಕೂದಲು ಒಣಗಿಸುವ ಯಂತ್ರವಾದರೆ ನಿನ್ನ ತಲೆಗೆ, ಬೆನ್ನು ಒತ್ತುವುದಾದರೆ ನಿನ್ನ ಬೆನ್ನಿಗೆ, ಎಲ್ಲ ನಿನ್ನ ಮೈಮೇಲೆ ನೋಡಿಯೇ ಚೀಟಿ ಬರೆಯುತ್ತಿದ್ದೆ. ಕಾಲು ಬೆಚ್ಚಗಿಡುವ ಕರೆಂಟಿನ ಚೀಲ ಬಂದಾಗ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವಲ್ಲ. ‘ಒದ್ದೆ ಹಸ್ತವು ಯಂತ್ರದ ಗೆಳೆತನ ಮಾಡಬಾರದು.’ ‘ತಂತಿಯನ್ನು ಬಾಗಿಲು ಕಡಿಯಲು ಬಿಡದಿರಿ.’ ಇವನ್ನೆಲ್ಲ ನೀನು ಬಿಡಿಸಿ ಚೆಂದಾಗಿ ಬರೆದೆ. ‘ತನ್ನ ಕಾಲಿನ ಸುದ್ದಿ ತಲುಪದ ಜನರಿಗೆ ಉಪಯೋಗ ನಿಷೇಧ’ ಎನ್ನುವುದು ಮಾತ್ರ ಬಿಡಿಸಲಾಗಲಿಲ್ಲ. ಕಾಲೇನು ಅಂಚೆ ಹಾಕುತ್ತಾ ಎಂದು ಕೇಳಿದವಳು ನಾನೇ. ನೀನು ನಗುತ್ತಲೇ ಆ ಸಾಲನ್ನು ಹೊಡೆದು ಹಾಕಿದೆ. ಅದರ ಜಾಗದಲ್ಲಿ ನಿನ್ನ ಕಾಲು ಕಲಿಸಿದ್ದನ್ನು ಬರೆದೆ: ಹಿತ ಅನ್ನಿಸುವವರೆಗೆ ಬಿಸಿ ಏರಿಸಿ, ಸುಡುತ್ತಿದೆ ಅನ್ನಿಸಿದರೆ ಇಳಿಸಿ.

ಆ ಸಂಜೆ ನಾನು ಅದನ್ನೇ ಮಾಡಿದೆ. ಕಾಲು ಒಳಗಿಟ್ಟೆ, ಹಿತ ಅನ್ನಿಸಲಿಲ್ಲ, ಏರಿಸಿದೆ. ಆಗಲೂ ಏನೂ ಅನ್ನಿಸಲಿಲ್ಲ, ಇನ್ನೂ ಏರಿಸಿದೆ. ಕೈಯಲ್ಲಿ ರವಿಕೆಯ ಕಾಜಾ ಹೊಲಿಗೆ ಇತ್ತು. ವಾಸನೆ ಬಂದಾಗ ಯಾರದೋ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಬಿಟ್ಟೆನೇನೋ ಎಂದುಕೊಂಡೆ. ತಿರುಗಿ ನೋಡಿದರೆ ಇಸ್ತ್ರಿಪೆಟ್ಟಿಗೆ ತಣ್ಣಗೆ ಕೂತಿತ್ತು.

ಇಲ್ಲಿಗೆ ಬಂದ ಮೇಲೆ ನರ್ಸಮ್ಮ ಸೂಜಿಯಿಂದ ಪಾದ ಚುಚ್ಚುತ್ತಾ, ತಿಳೀತಾ ಅಜ್ಜಿ, ಈಗ ತಿಳೀತಾ ಎಂದು ಕೇಳಿದಳು. ಅವಳು ಚುಚ್ಚಲು ಶುರು ಮಾಡಲಿ ಎಂದು ನಾನು ಕಾಯುತ್ತಿದ್ದೆ. ಅವಳು ಆಗಲೇ ಮುಗಿಸಿದ್ದಳು. ಆ ಸಾಲಿನ ಅರ್ಥ ನನಗೆ ಆಗ ಹೊಳೆಯಿತು ಮಗಳೇ. ಯಾವ ಪುಣ್ಯಾತ್ಮರು ಬರೆದಿದ್ದರೋ, ನನ್ನಂಥವರಿಗಾಗಿಯೇ ಬರೆದಿದ್ದರು.

ಇನ್ನು ನಿನಗೆ ಗೊತ್ತಿಲ್ಲದ್ದು ಹೇಳುತ್ತೇನೆ, ಕೂಗಾಡಬೇಡ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದು ವರ್ಷದ ಮೇಲಾಗಿದೆ. ಪೆಡಲಿನ ಮೇಲೆ ಪಾದ ಇದೆಯೋ ಇಲ್ಲವೋ ಎಂದು ಬಗ್ಗಿ ಬಗ್ಗಿ ನೋಡಿ ಹೊಲಿಯುತ್ತಿದ್ದೆ. ಬೀದಿಯಲ್ಲಿ ಚಪ್ಪಲಿ ಕಳಚಿದ್ದು ತಿಳಿಯದೆ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದು, ಪಟ್ಟಿ ಕಿತ್ತುಹೋಯಿತು ಎಂದು ನಿನಗೆ ಸುಳ್ಳು ಹೇಳಿದೆ. ಹೇಳಿದ್ದರೆ ನೀನು ಮಿಶನ್ನಿಗೆ ಮುಸುಕು ಹಾಕಿಸುತ್ತಿದ್ದೆ. ಕತ್ತರಿ ಹಿಡಿಯದ ಕೈ ಇಟ್ಟುಕೊಂಡು ನಾನೇನು ಮಾಡಲಿ? ನೀನು ಕಾಲು ತಣ್ಣಗಿದೆಯಾ ಎಂದು ಕೇಳಿದೆ, ನಾನು ಹೌದು ಎಂದೆ, ನೀನು ಚೀಲ ತಂದುಕೊಟ್ಟೆ. ನನ್ನ ಮೇಲೆ ಬೇಕಾದಷ್ಟು ಸಿಟ್ಟು ಮಾಡು. ಆದರೆ ಒಬ್ಬಳೇ ಎಲ್ಲ ಹೊತ್ತುಕೊಂಡು ಮೂಲೆಯಲ್ಲಿ ಕೂರಬೇಡ. ನನಗೆ ಅದನ್ನು ನೋಡಲಾಗುವುದಿಲ್ಲ.

ಈಗ ಎದ್ದು ಮುಖ ತೊಳೆ. ನೇರ ಅಂಗಡಿಗೆ ಹೋಗಿ ಒಂದೊಂದು ಪೆಟ್ಟಿಗೆಯನ್ನೂ ಬಿಚ್ಚಿಸಿ ಹಳೆಯ ಚೀಟಿ ಹೊರಗೆ ತೆಗೆ. ಹೀಗೆ ಬರೆ: ಪಾದಕ್ಕೆ ಸ್ಪರ್ಶ ತಿಳಿಯದವರು, ಸಕ್ಕರೆ ಕಾಯಿಲೆಯವರು ಇದನ್ನು ಬಳಸಲೇಬೇಡಿ. ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ ಇರಲಿ. ಆಗಲೇ ಕೊಂಡು ಹೋದವರ ಮನೆಗೆ ಫೋನು ಮಾಡು. ಅವರಲ್ಲಿ ಮುಕ್ಕಾಲು ಪಾಲು ಯಾರೋ ಮಕ್ಕಳು ಅಪ್ಪ ಅಮ್ಮನಿಗೆಂದು ಕೊಂಡಿರುತ್ತಾರೆ, ನಿನ್ನ ಹಾಗೆಯೇ. ಅವರಮ್ಮಂದಿರೂ ನನ್ನ ಹಾಗೆ ಬಾಯಿ ಬಿಟ್ಟಿರುವುದಿಲ್ಲ. ಯಜಮಾನರು ಗೊಣಗಿದರೆ ಗೊಣಗಲಿ, ಜಗ್ಗಬೇಡ. ಮೊಂಡುತನ ಬೇಕಾಗುವುದು ಇಂಥ ಕಡೆ.

ನನ್ನ ಗಾಯ ಪರವಾಗಿಲ್ಲ. ನಾಳೆ ಡಾಕ್ಟರು ಇನ್ನೊಮ್ಮೆ ನೋಡುತ್ತಾರಂತೆ. ಊಟ ಚೆನ್ನಾಗಿದೆ, ಉಪ್ಪು ಮಾತ್ರ ಕಡಿಮೆ. ನೀನು ಹೊಟ್ಟೆ ತುಂಬ ಉಣ್ಣು.

ನಿನ್ನನ್ನು ಎಂದೂ ದೂಷಿಸದ,
ಅಮ್ಮ

ತಾ.ಕ.: ಬರೆದು ಮುಗಿಸಿದ ಮೇಲೆ ಸುಳ್ಳು ಸಾಕು ಎನ್ನಿಸಿತು. ಡಾಕ್ಟರು ನಾಳೆ ನೋಡುವುದಲ್ಲ, ಬೆಳಗ್ಗೆಯೇ ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆಯುತ್ತಾರೆ. ಬಲಗಾಲು. ಒಪ್ಪಿಗೆ ಕಾಗದಕ್ಕೆ ಮಗಳ ಸಹಿ ಬೇಕು, ಕರೆಸಿ ಎಂದರು. ಊರಲ್ಲಿಲ್ಲ ಎಂದು ಹೇಳಿ ನಾನೇ ಸಹಿ ಹಾಕಿದೆ. ನನ್ನ ಕಾಲಿನ ವಿಷಯದಲ್ಲಿ ನೀನು ಇನ್ನೊಂದಕ್ಷರವನ್ನೂ ಬರೆಯುವುದು ನನಗೆ ಬೇಡವಾಗಿತ್ತು.