ಬಾಹುಬಲಿ ಅಣ್ಣನ ಚೌಕ

ರಾಮತೀರ್ಥ ನಗರ, ಬೆಳಗಾವಿ
೩ ಫೆಬ್ರುವರಿ ೨೦೨೫, ಸೋಮವಾರ

ತಂಗಿ ಪ್ರಮಿಳಾಗೆ ಸುಂದರಕ್ಕನ ಆಶೀರ್ವಾದ.

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳ ಕೈಗೆ ಅರವತ್ತಾರನೆಯ ವಯಸ್ಸಿನಲ್ಲಿ ಪೆನ್ನು ಹಿಡಿಸಿದವಳು ನೀನು. ಫೋನ್ ಮಾಡಿದರೆ ಕಟ್ ಮಾಡುತ್ತೀ. ಎತ್ತಿದರೂ ನನಗೆ ಸರಿಯಾಗಿ ಕೇಳುವುದಿಲ್ಲ, ಎಡಗಿವಿ ಪೂರ್ತಿ ಹೋಗಿದೆ. ಹೀಗಾಗಿ ಮೊಮ್ಮಗ ಪಾರ್ಶ್ವನ ಹಳೆಯ ಗಣಿತದ ನೋಟುಬುಕ್ಕಿನ ಹಾಳೆ ಹರಿದುಕೊಂಡು, ಡಯಾಲಿಸಿಸ್ ವಾರ್ಡಿನ ಹೊರಗಿನ ಬಾಕಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬೆರಳು ನೋಯುತ್ತವೆ. ತಪ್ಪು ಕಂಡರೆ ತಿದ್ದಿಕೊಂಡು ಓದು. ಅರ್ಧಕ್ಕೆ ಬಿಡಬೇಡ.

ಒಳಗೆ ನನ್ನ ಮೊಮ್ಮಗ ಯಂತ್ರಕ್ಕೆ ಕೈ ಕೊಟ್ಟು ಮಲಗಿದ್ದಾನೆ. ವಾರಕ್ಕೆ ಮೂರು ಸಲ, ಒಂದೊಂದು ಸಲ ನಾಲ್ಕು ತಾಸು. ಹದಿಮೂರು ವರ್ಷದ ಹುಡುಗ, ನೋಡಿದರೆ ಒಂಬತ್ತು ಅನ್ನಬೇಕು. ಎರಡೂ ಕಿಡ್ನಿ ಹೋಗಿವೆ. ಮಗಳು ದೀಪಾಲಿ ತನ್ನದೊಂದನ್ನು ಅವನಿಗೆ ಹಾಕಿರಿ ಎಂದು ಅಕ್ಟೋಬರದಿಂದ ಡಾಕ್ಟರರ ಬೆನ್ನು ಹತ್ತಿದ್ದಾಳೆ. ನಾನೂ ನನ್ನದನ್ನು ತಗೊಳ್ಳಿರಿ ಅಂದೆ. ಪರೀಕ್ಷೆ ಮಾಡಿ, "ಆಯಿ, ನಿಮ್ಮದು ನಿಮಗ ಸಾಲೂದಿಲ್ರಿ" ಅಂದರು. ಇದೆಲ್ಲ ನಿನಗೆ ಗೊತ್ತು. ಗೊತ್ತಿಲ್ಲದ್ದು ಬೇರೆ ಇದೆ, ಅದಕ್ಕೇ ಈ ಕಾಗದ.

ಮನೆತನದಿಂದ ಮಕ್ಕಳಿಗೆ ಇಳಿದು ಬರುವ ಕಿಡ್ನಿ ರೋಗದ ಮೇಲೆ ಇಲ್ಲಿ ಸಂಶೋಧನೆ ನಡೆದಿದೆ. ಅದರಲ್ಲಿ ಕೆಲಸ ಮಾಡುವ ಸಾಯಿರಾ ಎಂಬ ಹುಡುಗಿ ದೀಪಾವಳಿಯ ಮುಂಚೆ ಮನೆಗೆ ಬಂದಳು. ಬೆಳಗಾವಿಯವಳೇ. ಅವರ ಮನೆಯಲ್ಲಿ ಉರ್ದು, ನಮ್ಮ ಜೊತೆ ನಮಗಿಂತ ಚೊಕ್ಕ ಕನ್ನಡ. ದೊಡ್ಡ ಹಾಳೆ ಹಾಸಿ ನಮ್ಮ ವಂಶವನ್ನೆಲ್ಲ ಬರೆಯತೊಡಗಿದಳು. ಗಂಡಸಿಗೆ ಚೌಕ, ಹೆಂಗಸಿಗೆ ಗುಂಡು. ಸತ್ತವರ ಮೇಲೆ ಅಡ್ಡಗೆರೆ. ಈ ರೋಗ ಇದ್ದವರ ಚೌಕಕ್ಕೆ ಕಪ್ಪು ತುಂಬುವುದು. "ಏನವಾ, ನಮ್ಮ ಮನಿತನಾನ ಪಗಡಿ ಹಾಸಿಧಂಗ ಹಾಸೀಯಲ್ಲ" ಅಂದೆ. "ಆಟ ನೀವ ಹೇಳಿಕೊಡಬೇಕ್ರಿ ಆಯಿ, ನನಗ ಬರೇ ಮನಿ ಬರಿಯಾಕ ಬರತೈತಿ" ಅಂದಳು. ಬಾಯಿ ಜೋರು. ನನಗೆ ಸೇರಿದಳು.

ಆಮೇಲೆ ಬಾಹುಬಲಿ ಅಣ್ಣನ ಚೌಕಕ್ಕೆ ಬಂದಳು. ಏನಾಗಿ ಹೋದರು ಎಂದು ಕೇಳಿದಳು. ಸಲ್ಲೇಖನ ವ್ರತ ಹಿಡಿದು ಅನ್ನ ನೀರು ಬಿಟ್ಟು ಹೋದ ಅಂದೆ. ಐವತ್ತು ವರ್ಷದಿಂದ ಹೇಳಿದ ಮಾತು, ನಾಲಿಗೆಗೆ ರೂಢಿ. ಅವಳು ಕೈ ಜೋಡಿಸಿ, ಚೌಕದ ಮೇಲೆ ಅಡ್ಡಗೆರೆ ಎಳೆದು, ಒಳಗೆ ಬಿಳಿಯಾಗಿಯೇ ಬಿಟ್ಟಳು.

ಡಿಸೆಂಬರದಲ್ಲಿ ರಕ್ತದ ವರದಿ ಬಂತು. ಪಾರ್ಶ್ವನ ರಕ್ತದಲ್ಲೂ ದೀಪಾಲಿಯ ರಕ್ತದಲ್ಲೂ ಒಂದು ಬದಲಾವಣೆ ಇದೆ. ಆದರೆ ಅದು ಇನ್ನೂ ಯಾವ ಪುಸ್ತಕದಲ್ಲೂ ಇಲ್ಲವಂತೆ. ರೋಗಕ್ಕೆ ಅದೇ ಕಾರಣವೋ, ಮೈಮೇಲಿನ ಮಚ್ಚೆಯ ಹಾಗೆ ಸುಮ್ಮನೆ ಇರುವುದೋ, ಹೇಳಲು ಬರುವುದಿಲ್ಲ. ಅದೇ ಕಾರಣವಾದರೆ ದೀಪಾಲಿ ಕಿಡ್ನಿ ಕೊಡುವಂತಿಲ್ಲ. ಒಂದನ್ನು ಕೊಟ್ಟು, ಉಳಿದದ್ದೂ ಹತ್ತು ವರ್ಷಕ್ಕೆ ಕೆಟ್ಟರೆ ಇದೇ ಮಂಚದ ಮೇಲೆ ಅವಳು. ಆಗ ಅಳಿಯ ಚೇತನನೇ ಕೊಡಬೇಕು. ಅವನ ರಕ್ತದ ಗುಂಪು ಮಗನಿಗೆ ಹೊಂದುವುದಿಲ್ಲ, ತಯಾರಿ ದೊಡ್ಡದು, ಅಪಾಯವೂ ಹೆಚ್ಚು. ಖಾತ್ರಿ ಇಲ್ಲದೆ ಆ ದಾರಿ ಹಿಡಿಯಲು ಡಾಕ್ಟರರಿಗೆ ಮನಸ್ಸಿಲ್ಲ.

ಸಾಯಿರಾ ಮತ್ತೆ ಹಾಳೆ ಹಾಸಿದಳು. ತಾಯಿಯಿಂದ ಹೆಣ್ಣುಮಕ್ಕಳಿಗೆ ಇಳಿದು, ಅವರ ಹೊಟ್ಟೆಯ ಗಂಡುಮಕ್ಕಳನ್ನು ಗಟ್ಟಿಯಾಗಿ ಹಿಡಿಯುವ ರೋಗ ಇದಿರಬಹುದು. ಮೊದಲು ಮೂತ್ರ ಕೆಂಪಾಗುತ್ತದೆ, ಆಮೇಲೆ ಕಿವಿ, ಆಮೇಲೆ ಕಿಡ್ನಿ ಎಂದು ಬಿಡಿಸಿ ಹೇಳಿದಳು. "ನಿಮ್ಮ ತವರಮನ್ಯಾಗ ಕಿವಿ ಕೇಳದ ಗಂಡಮಕ್ಕಳು ಯಾರರ ಇದ್ರೇನ್ರಿ ಆಯಿ?" ಎಂದು ಕೇಳಿದಳು. ದೀಪಾಲಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಚಹಾ ಮಾಡಲು ಎದ್ದು ಹೋದೆ.

ಹೌದು, ಎದ್ದು ಹೋದೆ. ಮುಂದೆ ಹದಿನೈದು ದಿನ ಬಾಯಿ ಬಿಡಲಿಲ್ಲ.

ಪಾರ್ಶ್ವನಿಗೆ ದಿನಕ್ಕೆ ಇಷ್ಟೇ ನೀರು ಎಂದು ಅಳತೆ ಇದೆ. ಬಾಟಲಿಗೆ ನಾನೇ ಪೆನ್ನಿನಿಂದ ಗೆರೆ ಹಾಕಿದ್ದೇನೆ. ಕೊಡುವವಳೂ ನಾನೇ, ಸಾಕು ಅನ್ನುವವಳೂ ನಾನೇ. ಸಂಕ್ರಮಣದ ಮಾರನೆಯ ದಿನ ಮಧ್ಯಾಹ್ನ ಅಡುಗೆಮನೆಗೆ ಹೋದೆ. ಹುಡುಗ ನಲ್ಲಿಗೆ ಕಟ್ಟಿದ ನೀರು ಸೋಸುವ ಅರಿವೆಯನ್ನು ಬಿಚ್ಚಿ, ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದ. ನಾಲ್ಕು ಸಲ ಕೂಗಿದೆ, ಅವನಿಗೆ ಕೇಳಲಿಲ್ಲ. ಬೆನ್ನು ಮುಟ್ಟಿದಾಗ ತಿರುಗಿ, "ಕುಡದಿಲ್ಲ ಆಯಿ, ಬರೇ ಬಾಯಿ ತೊಯ್ಸಿಕೊಂಡೆ" ಅಂದ. ಬೈಯಲು ಬಾಯಿ ತೆರೆದವಳು ಆ ಅರಿವೆ ಇಸಿದುಕೊಂಡು ಮತ್ತೆ ನಲ್ಲಿಗೆ ಕಟ್ಟಿದೆ. ಅವತ್ತೇ ದೀಪಾಲಿಯ ಕೈಯಿಂದ ಸಾಯಿರಾಗೆ ಫೋನ್ ಹಚ್ಚಿಸಿ ಹೇಳಿದೆ: ಆ ಚೌಕಕ್ಕೆ ಕಪ್ಪು ತುಂಬು.

ಇದನ್ನು ದೀಪಾಲಿ ನಿನ್ನ ಮಗಳು ಮನಿಷಾಗೆ ಹೇಳಿದಳು, ಮನಿಷಾ ನಿನಗೆ ಹೇಳಿದಳು. ನಾನು ಫೋನ್ ಮಾಡಿದರೆ ನನ್ನ ಮಾತು ಮುಗಿಯಲೂ ಬಿಡಲಿಲ್ಲ ನೀನು. ನೀನು ಅಂದದ್ದು ಮಾತ್ರ ಈ ಕೆಟ್ಟ ಕಿವಿಗೂ ಚೊಕ್ಕ ಕೇಳಿತು. "ಅಕ್ಕಾ, ಅಣ್ಣನ ವ್ರತಕ್ಕ ಮಸಿ ಬಳದಿ. ಇನ್ನ ತವರಮನಿ ಹೊಸ್ತಿಲಾ ತುಳೀಬ್ಯಾಡ." ಅಪ್ಪನ ಮನೆಯಲ್ಲಿ ಈಗ ಇರುವವಳು ನೀನು, ತುಳಿಯುವುದಿಲ್ಲ, ಬಿಡು. ಬಸ್ಸು ಹತ್ತುವ ಶಕ್ತಿಯೂ ಉಳಿದಿಲ್ಲ.

ಆದರೆ ಕೇಳು. ಸಲ್ಲೇಖನ ನಮ್ಮ ಧರ್ಮದಲ್ಲಿ ದೊಡ್ಡ ಮಾತು. ಹಿಡಿಯುವವನು ತಾನಾಗಿ ಬೇಡಬೇಕು, ಗುರುಗಳು ಒಪ್ಪಬೇಕು. ಅಣ್ಣನಿಗೆ ಯಾವ ಮುನಿಗಳು ಒಪ್ಪಿಗೆ ಕೊಟ್ಟಿದ್ದರು? ಆ ವರ್ಷ ನಮ್ಮ ಬೀಡಿ ಊರಿಗೆ ಯಾವ ಮುನಿಗಳೂ ಬಂದಿರಲಿಲ್ಲ. ನಿನಗೆ ಆಗ ಏಳು ವರ್ಷ, ನನಗೆ ಹನ್ನೆರಡು. ಹದಿನಾರಕ್ಕೆ ಅಣ್ಣನ ಕಿವಿ ಹೋಗಿತ್ತೆಂದು ಅವ್ವನೇ ಹೇಳುತ್ತಿದ್ದಳು. ಇಪ್ಪತ್ತೆರಡಕ್ಕೆ ಮುಖ ಉಬ್ಬಿದ್ದು, ತಿಂದದ್ದೆಲ್ಲ ಕಕ್ಕಿದ್ದು ನಾನು ಕಣ್ಣಾರೆ ಕಂಡದ್ದು. ಅಪ್ಪ ಅವನನ್ನು ಬೆಳಗಾವಿಯ ಡಾಕ್ಟರಿಗೆ ತೋರಿಸಿ, ಔಷಧವಿಲ್ಲದೆ ಮನೆಗೆ ಕರೆದುಕೊಂಡು ಬಂದ. ಆಮೇಲೆ ನೋಡಲು ಬಂದ ಗುರುಪಾದಪ್ಪ ಮಾಮಾ, ತಾಟಿನಲ್ಲಿ ಅನ್ನ ಹಾಗೇ ಇದ್ದದ್ದು ಕಂಡು, "ಬಾಹುಬಲಿ ಆಹಾರ ಬಿಟ್ಟಾನೇನು?" ಎಂದು ಕೇಳಿದ. ಅಪ್ಪ ಹೂಂ ಅಂದ. ಅಷ್ಟೇ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ರೋಗದ ಮನೆತನ ಎಂದು ಹೆಸರು ಬಿದ್ದರೆ ನಮ್ಮನ್ನು ಯಾರು ಮಾಡಿಕೊಳ್ಳುತ್ತಿದ್ದರು? ಆ ಒಂದು ಹೂಂಗೆ ಬಸದಿಯ ಗೋಡೆಯಲ್ಲಿ ಅಣ್ಣನ ಹೆಸರಿನ ಕಲ್ಲು ಕೂತಿತು. "ಪುಣ್ಯವಂತರ ಮನಿ ಹೆಣ್ಣು" ಎಂದೇ ನನ್ನ ಅತ್ತೆ ನನ್ನನ್ನು ಒಪ್ಪಿದ್ದು. ಅಪ್ಪನನ್ನು ನಾನು ಬೈಯುವುದಿಲ್ಲ. ಆ ಹೂಂನ ಅನ್ನ ನಾನೂ ಉಂಡಿದ್ದೇನೆ. ಕಲ್ಲು ಅಲ್ಲೇ ಇರಲಿ, ಕೀಳು ಎಂದು ನಾನು ಹೇಳುತ್ತಿಲ್ಲ.

ಈಗ ಬರೆಯಲು ಕೈ ಬಾರದ್ದು. ಪಾರ್ಶ್ವನಿಗೆ ಐದು ವರ್ಷವಿದ್ದಾಗ ದೀಪಾಲಿ ಬಂದು, "ಅವ್ವಾ, ಇವನ ಉಚ್ಚಿ ಚಾದಂಗ ಕೆಂಪಗ ಬರಾಕತ್ತೈತಿ" ಅಂದಳು. ನನಗೆ ಆ ಕ್ಷಣಕ್ಕೇ ಅಣ್ಣ ನೆನಪಾದ. ಉಷ್ಣ ಆಗಿದೆ, ಎಳನೀರು ಕುಡಿಸು ಅಂದೆ. ನಾಲ್ಕು ದಿನಕ್ಕೆ ಬಣ್ಣ ತಿಳಿಯಾಯಿತು, ನಾನೇ ಗೆದ್ದೆ ಅಂದುಕೊಂಡೆ. ಆಗಲೇ ತೋರಿಸಿದ್ದರೆ, ದಿನಕ್ಕೊಂದು ಸಣ್ಣ ಗುಳಿಗೆಯಿಂದ ಕಿಡ್ನಿಯನ್ನು ಇನ್ನೂ ಎಷ್ಟೋ ವರ್ಷ ಕಾಯಬಹುದಿತ್ತು ಎಂದು ಡಾಕ್ಟರು ಹೇಳಿದರು. ಯಾರೂ ನಿಮಗೆ ಮೊದಲು ಹೇಳಲಿಲ್ಲವೇ ಎಂದು ದೀಪಾಲಿಯನ್ನು ಕೇಳಿದರು. ಅವಳು ಇಲ್ಲ ಅಂದಳು. ನಾನು ಬಾಜುದಲ್ಲೇ ಕೂತಿದ್ದೆ. ಅವತ್ತೇ ನನಗೆ ಅಣ್ಣ ನೆನಪಾಗಿದ್ದನ್ನು ಅವಳಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ ಹೇಳುತ್ತಿದ್ದೇನೆ, ಏಕೆಂದರೆ ನಿನಗೆ ಇನ್ನೂ ಹೊತ್ತಿದೆ.

ನಿನ್ನ ಮನಿಷಾನ ಮಗ ಅತಿಶಯ. ಒಂಬತ್ತು ವರ್ಷ. ದಸರೆಗೆ ನಾನು ಬೀಡಿಗೆ ಬಂದಾಗ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. "ಭಾಳ ಮಸ್ತಿ ಬಂದೈತಿ ಅವಗ, ಬೇಕಂತ ಮಾಡತಾನ" ಅಂದೆ ನೀನು. ಬಚ್ಚಲಿಗೆ ಅವನ ಹಿಂದೆ ಹೋದವಳು ನಾನು. ಬಣ್ಣ ನೋಡಿದ್ದೇನೆ. ನೀನೂ ನೋಡಿರುತ್ತೀ.

ಅವನ ಒಂದು ಚಮಚದಷ್ಟು ರಕ್ತ ಬೇಕು, ಮೂತ್ರ ಬೇಕು, ಕಿವಿ ತೋರಿಸಬೇಕು. ಮುದುಕಿಯ ಮಾತಿಗೆ ಚೌಕ ಕಪ್ಪಾಗಬಹುದು, ಆದರೆ ಇದ್ದವರ ರಕ್ತ ಹೇಳಿದಷ್ಟು ಗಟ್ಟಿಯಾಗಿ ಸತ್ತವರ ಕಥೆ ಹೇಳುವುದಿಲ್ಲ ಎಂದಳು ಸಾಯಿರಾ. ಅದೇ ರೋಗ, ಅದೇ ಬದಲಾವಣೆ ಅವನಲ್ಲೂ ಸಿಕ್ಕರೆ ಡಾಕ್ಟರರು ದೀಪಾಲಿಯನ್ನು ಬಿಟ್ಟು ಚೇತನನ ತಯಾರಿ ಹಿಡಿಯುತ್ತಾರೆ, ಅತಿಶಯನಿಗೆ ಗುಳಿಗೆ ಶುರು ಮಾಡುತ್ತಾರೆ. ಏನೂ ಸಿಗದಿದ್ದರೆ ನನ್ನನ್ನು ಬಾಯಿ ತುಂಬ ಬೈದುಕೋ, ಸಂತೋಷದಿಂದ ಕೇಳುತ್ತೇನೆ.

ಹದಿನೇಳಕ್ಕೆ ಡಾಕ್ಟರರ ಸಭೆ. ಅತಿಶಯನ ರಕ್ತ ಬರುತ್ತದೆ ಅಂದರೆ ವರದಿಯವರೆಗೆ ಕಾಯುತ್ತಾರೆ. ಇಲ್ಲವೆಂದರೆ ತಮಗೆ ತಿಳಿದಷ್ಟರಲ್ಲಿ ತೀರ್ಮಾನ ಮಾಡುತ್ತಾರೆ. ದೀಪಾಲಿ ಕಿಡ್ನಿ ಕೊಡುವ ಕಾಗದಕ್ಕೆ ಸಹಿ ಮಾಡಲು ಪೆನ್ನನ್ನು ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಾಳೆ. ಮನಿಷಾ ನಿನ್ನ ಮಾತು ಮೀರುವವಳಲ್ಲ, ಅದಕ್ಕೇ ಅವಳಿಗಲ್ಲ, ನಿನಗೆ ಬರೆದೆ. ಸಾಯಿರಾ ಬೀಡಿಗೇ ಬರುತ್ತಾಳೆ. ಓಣಿಯವರ ಕಣ್ಣಿಗೆ ಬೀಳುವುದು ಬೇಡವಾದರೆ ಹುಡುಗನನ್ನು ಖಾನಾಪುರಕ್ಕೆ ಕರೆದುಕೊಂಡು ಬರ್ರಿ, ಅಲ್ಲಿಗೆ ಬರುತ್ತಾಳೆ. ನನ್ನ ಮುಖ ನೀನು ನೋಡಬೇಕಾಗಿಲ್ಲ.

ನನಗೆ ಸಾಕಾಗಿದೆ, ಪ್ರಮಿಳಾ. ಜಗಳ ಆಮೇಲೆ ಆಡೋಣ. ಹದಿನೈದನೆಯ ತಾರೀಖು, ಶನಿವಾರದೊಳಗೆ ಉತ್ತರ ಬೇಕು. ಹೂಂ ಅಥವಾ ಊಹೂಂ.

ನಿನ್ನ ಅಕ್ಕ
ಸುಂದರಾಬಾಯಿ

ತಾ.ಕ.: ಅಣ್ಣ ಹೋದ ದಿನ ಮಧ್ಯಾಹ್ನ ನೀನು ಅಂಗಳದಲ್ಲಿ ಆಡುತ್ತಿದ್ದೆ. ಒಳಗೆ ಅವನ ಹತ್ತಿರ ನಾನೊಬ್ಬಳೇ. ವ್ರತದ ಸುದ್ದಿ ಹಬ್ಬಿದ ಮೇಲೆ ನೋಡಲು ಬರುವವರಿಗೆ ಕಾಣಬಾರದೆಂದು ಅವನ ಕೋಣೆಯ ನೀರಿನ ಕೊಡ ತೆಗೆದಿಟ್ಟಿದ್ದರು. ಅಣ್ಣ ನಾನು ಉಟ್ಟ ಪರಕಾರದ ನಿರಿಗೆ ಹಿಡಿದು, "ಸುಂದ್ರಿ, ನೀರ ಕೊಡ" ಅಂದ. ಕದ್ದು ಒಂದು ತಂಬಿಗೆ ತಂದುಕೊಟ್ಟೆ. ಪೂರ್ತಿ ಕುಡಿದು, ಇನ್ನೊಂದು ಕೇಳಿದ. ಅಷ್ಟರಲ್ಲಿ ಹೊರಗೆ ಅಪ್ಪನ ಚಪ್ಪಲಿಯ ಸಪ್ಪಳವಾಯಿತು. ತಂಬಿಗೆಯನ್ನು ಪರಕಾರದಲ್ಲಿ ಮುಚ್ಚಿಕೊಂಡು ಹೋದೆ. ಎರಡನೆಯದು ತರಲಿಲ್ಲ. ವ್ರತ ಹಿಡಿದವನು ಹಾಗೆ ನೀರು ಬೇಡುವುದಿಲ್ಲ. ಆ ತಂಬಿಗೆ ನಿನ್ನ ಅಡುಗೆಮನೆಯಲ್ಲಿ ಇನ್ನೂ ಇದೆ, ಕಂಠ ಒಂದು ಕಡೆ ಸೊಟ್ಟಗಾದದ್ದು. ದಸರೆಗೆ ಬಂದಾಗ ಅತಿಶಯ ಅದರಲ್ಲೇ ನೀರು ಕುಡಿಯುತ್ತಿದ್ದ.